.315 ತೋಟಾ .318ಕ್ಕೂ ನಡೆಯುತ್ತೆ ಅಂದರೆ ಎದ್ದು ಬನ್ನಿ

ಹಳೇ ರೈಫಲ್ ತಗೊಳ್ಳುವ ಯೋಚನೆ ಇರುವ ಲೈಸೆನ್ಸ್‌ದಾರರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ತುಮಕೂರು, ಮಧುಗಿರಿ, ಪಾವಗಡ ಕಡೆಯವರು. ತೋಟಾ ಸಿಗದ .318 ರೈಫಲ್ ನನಗೆ ಕೊಡಿಸಿದ ಬ್ರೋಕರ್ ಓಡಾಡುವುದು ಈ ಕಡೆಯೇ. ಹೆಸರು ಹಾಕುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. ಅವನ ಮಾತಿನ ವರಸೆ ಓದಿದರೆ ನಿಮಗೇ ಗೊತ್ತಾಗುತ್ತದೆ.

ನನ್ನ ಹೊಲ ಮಧುಗಿರಿ ತಾಲ್ಲೂಕಿನಲ್ಲಿ, ಗುಡ್ಡದ ಬುಡದಲ್ಲಿ. ಕಡ್ಲೇಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಹಂದಿ ಇಳಿಯುತ್ತವೆ. ಮನೆಯಲ್ಲಿ ಅಪ್ಪನ ಕಾಲದ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿ ಇದೆ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಆಯುಧ, ಹಾಗಾಗಿ ಎರಡನೆಯದನ್ನು ನೋಡಿ ತಗೋಬೇಕು ಅಂತಿದ್ದೆ. ಬೇಟೆಗಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಎಲ್ಲಿದೆ? ಬೆಳೆ ತಿನ್ನುವ ಹಂದಿ ಹೊಡೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕಿದಾಗ ಕೋವಿಯ ಚರೆ ಐವತ್ತು ಗಜದ ಆಚೆ ನಂಬುವ ಹಾಗಿಲ್ಲ. ಅದಕ್ಕೇ ರೈಫಲ್, ಅಷ್ಟೇ.

ಭಾವಮೈದ ಹೇಳಿದ್ದು ಇಶಾಪುರದ ಸರ್ಕಾರಿ ಕಾರ್ಖಾನೆಯ ಹೊಸ .315 ರೈಫಲ್. ಈ ನಂಬರೇ ಕ್ಯಾಲಿಬರ್, ಅಂದರೆ ಬೋರಿನ ಅಳತೆ, ಇಂಚಿನ ಲೆಕ್ಕದಲ್ಲಿ. "ತೋಟಾ ಸಿಗುತ್ತೆ ಬಾವ, ರಿಪೇರಿ ಗೊತ್ತಿರೋರು ಇದ್ದಾರೆ." ಬ್ರೋಕರ್ ಬಿಡಬೇಕಲ್ಲ! "ಗೌಡ್ರೇ, ಅದು ಎಟಿಎಂ ಕಾಯೋರ ಬಂದೂಕು. ನಿಮ್ಮದು ಗುಡ್ಡ. ಗುಡ್ಡಕ್ಕೆ ಕ್ಯಾಲಿಬರೇ ಬೇರೆ." ಹಾಗಂತ ಬೆಂಗಳೂರಿನ ಒಂದು ಅಂಗಡಿಗೆ ಕರೆದುಕೊಂಡು ಹೋದ.

ರೈಫಲ್ ಚೆನ್ನಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ. ವಾಲ್‌ನಟ್ ಮರದ ಹಿಡಿ, ಕೈ ಆಡಿ ಆಡಿ ಕಪ್ಪಗೆ ಹೊಳೆಯುತ್ತಿತ್ತು. ತೋಟಾ ಒಳಗೆ ತಳ್ಳಿ ಮುಚ್ಚುವ ಬೋಲ್ಟ್ ಎಳೆದರೆ ಎಣ್ಣೆ ಹಾಕಿದ ಹಾಗೆ ಜಾರಿತು. ಅಂಗಡಿಯವನು ಮಾತು ಶುರು ಮಾಡಿದ. 1907ರಲ್ಲಿ ಬ್ರಿಟಿಷರು .450 ಬೋರನ್ನು ಇಂಡಿಯಾದಲ್ಲಿ ನಿಲ್ಲಿಸಿದ್ದು, ಅದಕ್ಕೆ ಇಂಗ್ಲೆಂಡಿನ ಕಂಪನಿಗಳು .465, .470 ಅಂತ ಹೊಸದು ಮಾಡಿದ್ದು, 1912ರಲ್ಲಿ .375 ಮ್ಯಾಗ್ನಂ ಬಂದಿದ್ದು, ಆಫ್ರಿಕಾದಲ್ಲಿ .318 ಹಿಡಿದು ಆನೆ ಹೊಡೆದಿದ್ದು. ಆಮೇಲೆ ನೋಡಿದೆ, ಅದೆಲ್ಲ ನಿಜವೇ. ನಿಜ ಹೇಳಿಯೇ ಸುಳ್ಳು ನುಂಗಿಸಿದ. ಹಂದಿಗೆ ರೈಫಲ್ ಕೇಳಿದವನಿಗೆ ಆನೆ ಕಥೆ ಯಾಕೆ ಅಂತ ಅಲ್ಲಿ ಕೂತಿದ್ದ ಒಬ್ಬರೂ ಕೇಳಲಿಲ್ಲ.

ನಾನು ಕೇಳಿದ್ದು ಒಂದೇ. ತೋಟಾ ಸಿಗುತ್ತಾ?

"ಸಾರ್, .315 ಎಲ್ಲಾ ಕಡೆ ಸಿಗುತ್ತೆ ಅಲ್ವಾ? ಇದು .318. ಮೂರು ಪಾಯಿಂಟ್ ವ್ಯತ್ಯಾಸ. ಅಣ್ಣ ತಮ್ಮ ಇದ್ದಂಗೆ. ಸದ್ಯಕ್ಕೆ ನಮ್ಮಲ್ಲಿ ಸ್ಟಾಕ್ ಇಲ್ಲ, ನೀವು ಎಲ್ಲಿ ಬೇಕಾದರೂ ತಗೊಳ್ಳಿ."

ಅಣ್ಣ ತಮ್ಮ! ಈಗಲೂ ರಾತ್ರಿ ನೆನಪಾದರೆ ಮೈ ಉರಿಯುತ್ತದೆ.

ಮೂರೂವರೆ ಲಕ್ಷ ಕೊಟ್ಟೆ. ಬಿಲ್ಲಿನಲ್ಲಿ ಬರೆದದ್ದು "ಎನ್‌ಪಿಬಿ ರೈಫಲ್, ಹಳೆಯದು" ಮತ್ತು ನಂಬರ್. ಎನ್‌ಪಿಬಿ ಅಂದರೆ ನಿಷೇಧವಿಲ್ಲದ ಬೋರ್, ಅಷ್ಟೇ. ಕ್ಯಾಲಿಬರ್ ಬರೆದಿರಲಿಲ್ಲ. ಠಾಣೆಯಲ್ಲೂ ನಂಬರ್ ನೋಡಿಕೊಂಡು ಕಳಿಸಿದರು.

ತೋಟಾ ತರಲು ಬೇರೆ ಅಂಗಡಿಗೆ ಹೋದೆ, ಭಾವಮೈದನೂ ಜೊತೆಗಿದ್ದ. ಕೌಂಟರಿನಲ್ಲಿ ವಯಸ್ಸಾದವರು. .315 ಕೇಳಿದೆ. ರೈಫಲ್ ತೋರಿಸಿ ಅಂದರು. ಕನ್ನಡಕ ಹಾಕಿಕೊಂಡು, ನಳಿಗೆಯ ಮೇಲೆ ಮೊಬೈಲ್ ಟಾರ್ಚ್ ಬಿಟ್ಟು ಓದಿದರು. ಓದಿ ನನ್ನ ಮುಖ ನೋಡಿದರು.

"ಏನಪ್ಪಾ, ಇದನ್ನ ಯಾರು ಕೊಟ್ಟರು ನಿನಗೆ?"

ಒಂದು .315 ತೋಟಾ ತೆಗೆದು ಗಾಜಿನ ಮೇಲೆ ನಿಲ್ಲಿಸಿದರು. "ಬುಡ ನೋಡು. ಅಂಚು ಹೊರಗೆ ಬಂದಿದೆ. .318ರ ಬುಡಕ್ಕೆ ಈ ಅಂಚು ಇರಲ್ಲ, ಮೇಲೊಂದು ಗೆರೆ ಕೊರೆದಿರುತ್ತೆ. ಈ ತೋಟಾ ಹಾಕಿದರೆ ನಿನ್ನ ಬೋಲ್ಟ್ ಮುಚ್ಚೋದೇ ಇಲ್ಲ. ಮುಚ್ಚಲ್ಲ ಅನ್ನೋದು ನಿನ್ನ ಪುಣ್ಯ."

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಭಾವಮೈದ ನಗಲಿಲ್ಲ, ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತ. ಅದೇ ಇನ್ನೂ ಕಷ್ಟವಾಯಿತು.

ಅವರೇ ಬಿಡಿಸಿ ಹೇಳಿದರು. ನಮ್ಮ .315 ಅಂದರೆ ಆಸ್ಟ್ರಿಯಾದ ಹಳೇ 8×50 ಮಾನ್ಲಿಕರ್ ತೋಟಾ. .303 ಸೈನ್ಯದ ಬೋರ್, ಜನಕ್ಕೆ ನಿಷೇಧ, ಅದಕ್ಕೇ ಇಲ್ಲಿ .315 ನಡೆದು ಬಂತು. .318 ಇಂಗ್ಲೆಂಡಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯದು, 1910ರದು. ತೋಟಾದ ಹಿತ್ತಾಳೆ ಕವಚ ಸುಮಾರು 61 ಮಿಲಿಮೀಟರ್ ಉದ್ದ, .315ರದು 50. ಹೆಸರು .318 ಆದರೂ ಗುಂಡಿನ ದಪ್ಪ .330 ಇಂಚು. ಅಣ್ಣನೂ ಅಲ್ಲ ತಮ್ಮನೂ ಅಲ್ಲ, ನೆಂಟಸ್ತನವೇ ಇಲ್ಲ. "ಈ ತೋಟಾ ನನ್ನ ಕೌಂಟರಿಗೆ ಬಂದು ಯಾವ ಕಾಲವಾಯ್ತೋ" ಅಂದರು.

ಇನ್ನು "ಗುಡ್ಡದ ಕ್ಯಾಲಿಬರ್" ಅನ್ನುವುದು ಕೇಳಿ. ಹೊರದೇಶದಲ್ಲಿ ಬೆಟ್ಟ ಹತ್ತಿ ಕಾಡುಕುರಿ, ಕಾಡುಮೇಕೆ ಬೇಟೆ ಮಾಡುವವರು ಹುಡುಕುವುದು ಹಗುರವಾದ ರೈಫಲ್, ದೂರಕ್ಕೂ ಜಾಸ್ತಿ ಇಳಿಯದೆ ಹೋಗುವ ಗುಂಡು. 1925ರ .270 ವಿಂಚೆಸ್ಟರ್, 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಅಂಥವು. .270ರ 130 ಗ್ರೇನ್ ತೂಕದ ಗುಂಡು ಸೆಕೆಂಡಿಗೆ ಮೂರು ಸಾವಿರ ಅಡಿ ದಾಟುತ್ತದೆ. .318ರ ಹೆಸರುವಾಸಿ ಗುಂಡು 250 ಗ್ರೇನ್, ವೇಗ 2,400 ಅಡಿ ಆಸುಪಾಸು. ದೊಡ್ಡ ಪ್ರಾಣಿಯ ಮೈಯೊಳಗೆ ಆಳ ಇಳಿಯಲು ಮಾಡಿದ್ದು ಅದು. ಅಂದರೆ ಬ್ರೋಕರ್ ಗುಡ್ಡದ ಹೆಸರು ಹೇಳಿ ಕಟ್ಟಿದ್ದು ಗುಡ್ಡದ್ದೂ ಅಲ್ಲ, ತೋಟಾ ಇರುವುದೂ ಅಲ್ಲ.

ರೈಫಲ್ ಮಾರಿದ ಅಂಗಡಿಯವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು "ನೀವೇ ನೋಡಿ ತಗೊಂಡ್ರಲ್ಲ ಸಾರ್" ಅಂದ. ಆಮೇಲೆ "ತೋಟಾ ಮುಂದಿನ ತಿಂಗಳು ಬರುತ್ತೆ." ಮುಂದಿನ ತಿಂಗಳು ಕೇಳಿದರೆ "ಲೇತ್‌ನಲ್ಲಿ ಚೇಂಬರ್, ತೋಟಾ ಕೂರೋ ಜಾಗ, ತಿದ್ದಿಸಿ ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ." ಯಾರಿಗೂ ಗೊತ್ತಾಗಲ್ಲವಂತೆ! ಒಡೆದರೆ ಹೋಗುವುದು ನನ್ನ ಮುಖ, ಸಿಕ್ಕಿಬಿದ್ದರೆ ಜೈಲಿಗೆ ಹೋಗುವುದು ನಾನು. ಕೊನೆಗೆ "ಆಂಟಿಕ್ ಸಾರ್ ಅದು, ಗೋಡೆಗೆ ಹಾಕ್ಕೊಳ್ಳಿ" ಅಂದ. ಗೋಡೆಗೆ ಹಾಕಲು ಮೂರೂವರೆ ಲಕ್ಷ. ಬ್ರೋಕರ್ ಅಂತೂ "ಗೌಡ್ರೇ, ನಾನು ಬರೀ ಜಾಗ ತೋರಿಸಿದ್ದು" ಅಂತ ಹೇಳಿ ನನ್ನ ನಂಬರ್ ಬ್ಲಾಕ್ ಮಾಡಿದ. ಕಮಿಷನ್ ಎಣಿಸಿಕೊಳ್ಳುವಾಗ ಮಾತ್ರ ಜಾಗ ತೋರಿಸುವವನು ಆಗಿರಲಿಲ್ಲ.

ಹಳೇ ರೈಫಲ್ ನೋಡಲು ಹೋದರೆ ನಳಿಗೆಯ ಮೇಲಿನ ಅಕ್ಷರದ ಫೋಟೋ ತೆಗೆಯಿರಿ. ಅದೇ ಅಕ್ಷರ ತೋಟಾ ಡಬ್ಬದ ಮೇಲೆ ಕಾಣದೆ ಹೋದರೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ. ಬಿಲ್ಲಿನಲ್ಲಿ ಕ್ಯಾಲಿಬರ್ ಬರೆಸಿ. ಬರೆಯಲ್ಲ ಅಂದರೆ ಅದೇ ಉತ್ತರ. ಆನೆ ಕಥೆ ಶುರುವಾದರೆ ಚಹಾನೂ ಕುಡಿಯಬೇಡಿ.

ಎರಡನೇ ಆಯುಧದ ಜಾಗ ಇದರಿಂದಲೇ ತುಂಬಿದೆ. ಇದನ್ನು ಯಾರಿಗಾದರೂ ಮಾರದೆ .315 ತಗೊಳ್ಳುವ ಹಾಗಿಲ್ಲ, ತೋಟಾ ಇಲ್ಲದ್ದನ್ನು ಕೊಳ್ಳುವವರಿಲ್ಲ. ಎಲೆಕ್ಷನ್ ಬಂದರೆ ಇದನ್ನೂ ಹೊತ್ತು ಠಾಣೆಗೆ ಜಮಾ ಮಾಡಬೇಕು. ಗ್ರಾಹಕ ಆಯೋಗಕ್ಕೆ ದೂರು ಬರೆಸುತ್ತಿದ್ದೇನೆ. "ಮೂರು ಪಾಯಿಂಟ್ ವ್ಯತ್ಯಾಸ" ಅನ್ನುವ ಮಾತು ನಿಮಗೂ ಯಾರಾದರೂ ಹೇಳಿ ಮಾರಿದ್ದರೆ ಬಿಲ್ ಎತ್ತಿಟ್ಟುಕೊಂಡು ನನಗೆ ತಿಳಿಸಿ, ಒಟ್ಟಿಗೆ ದೂರು ಕೊಡೋಣ.