ಒಬ್ಬ ಪಾಟೀಲರ ದುಡ್ಡು ಇನ್ನೊಬ್ಬ ಪಾಟೀಲರ ಲೆಕ್ಕಕ್ಕೆ: ಚಿಂಚವಡದ ಕಾರ್ ಶೋರೂಮ್‌ನಲ್ಲಿ ನಮಗೆ ಆದದ್ದು

2025ರ ಯುಗಾದಿಗೆ ನಮ್ಮ ಮೊದಲ ಕಾರು ಮನೆಗೆ ಬರಬೇಕಿತ್ತು. ಬಂದದ್ದು ಮೂರು ದಿನ ತಡವಾಗಿ, ಏಪ್ರಿಲ್ 2ಕ್ಕೆ. ತಡ ಯಾಕಾಯಿತು, ನಾವು ಕಟ್ಟಿದ 3,85,000 ರೂಪಾಯಿ ಎಲ್ಲಿ ಹೋಗಿತ್ತು, ಹೇಗೆ ಸಿಕ್ಕಿತು ಅನ್ನುವುದನ್ನು ಬರೆಯಲೇಬೇಕು ಅನ್ನಿಸಿದೆ. ಶೋರೂಮಿನ ಹೆಸರು ಬರೆಯುವುದಿಲ್ಲ. ತಪ್ಪು ಒಬ್ಬಿಬ್ಬರದು, ಅಲ್ಲಿ ದುಡಿಯುವವರು ಬಹಳ ಜನ.

ನಾವು ಹುಬ್ಬಳ್ಳಿಯವರು. ಹನ್ನೊಂದು ವರ್ಷದಿಂದ ಪುಣೆ ಪಕ್ಕದ ಚಿಂಚವಡದಲ್ಲಿದ್ದೇವೆ. ಯಜಮಾನರಿಗೆ ಭೋಸರಿಯಲ್ಲಿ ಕೆಲಸ. ಕಾರನ್ನು ನನ್ನ ಹೆಸರಲ್ಲಿ ಬುಕ್ ಮಾಡಿದ್ದೆವು. ಎಲ್ಲಾ ಸೇರಿ 9,06,000. ಅದರಲ್ಲಿ 21,000 ಬುಕಿಂಗ್ ದಿನವೇ ಯುಪಿಐನಲ್ಲಿ ಕೊಟ್ಟೆ. ಐದು ಲಕ್ಷ ಬ್ಯಾಂಕ್ ಸಾಲ, ಅದು ನೇರವಾಗಿ ಶೋರೂಮಿಗೆ ಹೋಯಿತು. ಉಳಿದ 3,85,000 ನಮ್ಮ ಮಾವನವರು ಕೊಟ್ಟದ್ದು. ಎಷ್ಟೋ ವರ್ಷ ಕೂಡಿಟ್ಟ ದುಡ್ಡು ಅದು. ಮಾರ್ಚ್ 25, ಮಂಗಳವಾರ, ಹುಬ್ಬಳ್ಳಿಯ ತಮ್ಮ ಬ್ಯಾಂಕಿಗೆ ಹೋಗಿ, ಫಾರ್ಮ್ ತುಂಬಿ, ಶೋರೂಮಿನ ಖಾತೆಗೆ ಆರ್‌ಟಿಜಿಎಸ್ (ದೊಡ್ಡ ಮೊತ್ತವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಕಳಿಸುವ ವ್ಯವಸ್ಥೆ) ಮಾಡಿಸಿದರು. ಚೀಟಿಯ ಫೋಟೋ ನನಗೆ ವಾಟ್ಸಾಪ್ ಮಾಡಿದರು, ನಾನು ಅದನ್ನು ಸೇಲ್ಸ್‌ನ ಹುಡುಗನಿಗೆ ಕಳಿಸಿದೆ. ಅವನು ಹೆಬ್ಬೆರಳು ಎತ್ತಿದ ಗುರುತು ಒತ್ತಿ ಸುಮ್ಮನಾದ.

ಬುಧವಾರ ಸಂಜೆ ಅವನದೇ ಫೋನು. 'ಮ್ಯಾಡಮ್, ಪೈಸೆ ಆಲೇ ನಾಹೀತ್.' ದುಡ್ಡು ಬಂದಿಲ್ಲವಂತೆ.

ನಾನು ಗಾಬರಿಯಿಂದ ಹುಬ್ಬಳ್ಳಿಗೆ ಫೋನ್ ಮಾಡಿದೆ. ಮಾವನವರ ದನಿ ಒಂದಿಷ್ಟೂ ನಡುಗಲಿಲ್ಲ. 'ರೊಕ್ಕ ಹೋಗ್ಯಾವು ನೋಡವಾ. ನನ್ನ ಖಾತೆದಾಗಿಂದ ಕಟ್ ಆಗ್ಯಾವು, ಚೀಟಿ ನನ್ನ ಕೈಯಾಗ ಐತಿ. ವಾಪಸ್ ಬಂದಿಲ್ಲಂದ್ರ ಅವರ ಹಂತ್ಯಾಕನ ಅದಾವು.' ಅವರು ಹೇಳಿದ್ದು ಸರಿಯೇ. ಆರ್‌ಟಿಜಿಎಸ್‌ನಲ್ಲಿ ಹೋದ ಹಣ ಆ ಕಡೆಯ ಬ್ಯಾಂಕಿಗೆ ಮುಟ್ಟಿದ ಮೇಲೆ ಅರ್ಧ ಗಂಟೆಯೊಳಗೆ ಖಾತೆಗೆ ಜಮಾ ಆಗಬೇಕು. ಜಮಾ ಮಾಡಲು ಆಗದಿದ್ದರೆ ಕಳಿಸಿದವರಿಗೇ ತಿರುಗಿ ಬರಬೇಕು. ಒಂದು ದಿನ ಪೂರ್ತಿ ಕಳೆದಿತ್ತು, ದುಡ್ಡು ತಿರುಗಿ ಬಂದಿರಲಿಲ್ಲ. ಅಂದರೆ ಶೋರೂಮಿನ ಖಾತೆಯಲ್ಲೇ ಇದೆ ಅಂತಲೇ ಅರ್ಥ, ಅಲ್ವಾ?

ಗುರುವಾರ ಶೋರೂಮಿಗೇ ಹೋದೆ. ಪಾಡ್ವಾ ಎಂದರೆ ನಮ್ಮ ಯುಗಾದಿಯೇ, ಮಹಾರಾಷ್ಟ್ರದವರ ಸಾಡೇತೀನ್ (ಮೂರೂವರೆ) ಶುಭ ಮುಹೂರ್ತಗಳಲ್ಲಿ ಒಂದು. ಆ ದಿನ ಕಾರು ತರುವುದಕ್ಕೆ ಜನ ತಿಂಗಳಿಂದ ಕಾಯುತ್ತಾರೆ. ಅದರ ಮಾರನೇ ದಿನವೇ ಮಾರ್ಚ್ 31, ವರ್ಷದ ಲೆಕ್ಕ ಮುಗಿಸುವ ದಿನ. ಅಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಅವರ ಕೆಲಸದ ಒತ್ತಡ ನನಗೆ ಅರ್ಥವಾಗುತ್ತಿತ್ತು. ಆದರೆ ಸೇಲ್ಸ್ ಮ್ಯಾನೇಜರ್ ಹೇಳಿದ ಮಾತು ಮಾತ್ರ ಇವತ್ತಿಗೂ ಒಪ್ಪಿಗೆಯಾಗಿಲ್ಲ. 'ಪಾಡ್ವಾಕ್ಕೆ ಗಾಡಿ ಬೇಕಾದರೆ ಸದ್ಯಕ್ಕೆ ಇನ್ನೊಮ್ಮೆ ಕಟ್ಟಿಬಿಡಿ. ಮೊದಲಿನದು ಸಿಕ್ಕಮೇಲೆ ರಿಫಂಡ್ ಮಾಡುತ್ತೇವೆ' ಅಂದರು.

ಮೂರು ಲಕ್ಷದ ಎಂಬತ್ತೈದು ಸಾವಿರ ಇನ್ನೊಮ್ಮೆ! ನಾವು ತಿಂಗಳ ಸಂಬಳದಲ್ಲಿ ಬದುಕುವ ಜನ. ಅಷ್ಟು ದುಡ್ಡು ಕೈಯಲ್ಲಿದ್ದಿದ್ದರೆ ಸಾಲ ಯಾಕೆ ಮಾಡುತ್ತಿದ್ದೆವು? ನಾನು ಕಟ್ಟುವುದಿಲ್ಲ ಅಂದೆ. ಹಬ್ಬದ ಆಸೆಗೆ ಯಾರಿಂದಲೋ ಕೈಸಾಲ ತಂದು ಕಟ್ಟುವವರೂ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮಾವನವರು, ಅತ್ತೆಯವರು ಹೇಗೂ ಹಬ್ಬಕ್ಕೆ ಬರುವವರಿದ್ದರು. ಶುಕ್ರವಾರದ ವಂದೇ ಭಾರತ್ ಗಾಡಿಗೆ ಮಧ್ಯಾಹ್ನ ಪುಣೆಯಲ್ಲಿ ಇಳಿದರು. ಊಟ ಮುಗಿಸಿದ್ದೇ ಮಾವನವರು 'ನಡಿಯವಾ, ಹೋಗಿ ಬರೋಣು' ಎಂದು ಎದ್ದರು. ಬೆಳಗಾವಿಯಲ್ಲಿ ವರ್ಷಗಟ್ಟಲೆ ನೌಕರಿ ಮಾಡಿದವರು, ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು.

ಈ ಸಲ ನಾವು ಸೇಲ್ಸ್‌ನವರ ಹತ್ತಿರ ಹೋಗಲಿಲ್ಲ. ಹಿಂದುಗಡೆ ವರ್ಕ್‌ಶಾಪಿನ ಪಕ್ಕ ಅಕೌಂಟ್ಸ್‌ನ ಸಣ್ಣ ಕೋಣೆ ಇದೆ, ಗಾಜಿನ ಕಿಟಕಿ. ಒಳಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದರು. ಮಾವನವರು ಅವರನ್ನು 'ತಾಈ' ಎಂದು ಕರೆದರು. ಮರಾಠಿಯಲ್ಲಿ ಅದು ಅಕ್ಕ, ನಮ್ಮ ಕಿವಿಗೆ ತಾಯಿ. ಯಾವ ಅರ್ಥದಲ್ಲಿ ತೆಗೆದುಕೊಂಡರೂ ಆ ಹೆಂಗಸಿಗೆ ಒಪ್ಪುವ ಮಾತೇ.

ಅವರು ಕೇಳಿದ್ದು ಒಂದೇ, ಯುಟಿಆರ್ ನಂಬರ್, ಅಂದರೆ ಕಳಿಸಿದ ಹಣಕ್ಕೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ. ಮಾವನವರು ಚೀಟಿ ಬಿಚ್ಚಿ ಅದರ ಕೆಳಗೆ ಬೆರಳಿಟ್ಟರು. ಆರ್‌ಟಿಜಿಎಸ್‌ನ ಯುಟಿಆರ್ ಅಂದರೆ 22 ಅಕ್ಷರ, ಅಂಕಿಗಳ ಉದ್ದದ ಸಾಲು. ಮೊದಲ ನಾಲ್ಕು ಅಕ್ಷರ ಬ್ಯಾಂಕಿನ ಗುರುತು, ಅದರ ನಂತರ 'ಆರ್' ಅಕ್ಷರ, ಇನ್ನೊಂದು ಗುರುತು ಬಿಟ್ಟು ಮುಂದೆ ಎಂಟು ಅಂಕಿಯಲ್ಲಿ ತಾರೀಖು. ನಮ್ಮ ಚೀಟಿಯಲ್ಲಿ 20250325 ಎಂದು ಸ್ಪಷ್ಟವಾಗಿತ್ತು. ಆ ಹೆಂಗಸು ಮಂಗಳವಾರದ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದರು. ಐದಾರು ಹಾಳೆ. ಸ್ಕೇಲನ್ನು ಹಾಳೆಯ ಮೇಲಿಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತಾ ಹೋದರು. ಬಾಯಲ್ಲಿ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಹೇಳಿಕೊಳ್ಳುತ್ತಿದ್ದರು. ಮೂರನೇ ಹಾಳೆಯ ನಡುವಿನಲ್ಲಿ ಸ್ಕೇಲು ನಿಂತಿತು. 3,85,000. ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಟಿಕ್ ಬೇರೆ ಹಾಕಿತ್ತು. ಅಂದರೆ ದುಡ್ಡು ಮಂಗಳವಾರವೇ ಬಂದಿತ್ತು. ಯಾರೋ ಅದನ್ನು ಯಾರದೋ ಲೆಕ್ಕಕ್ಕೆ ಏರಿಸಿಯೂ ಆಗಿತ್ತು.

ಕಂಪ್ಯೂಟರಿನಲ್ಲಿ ಹುಡುಕಿ, ಹೆಸರಿನ ಮೇಲೆ ಕೈಯಿಟ್ಟು ಮೊತ್ತ ಮಾತ್ರ ನಮಗೆ ತೋರಿಸಿದರು. ಇನ್ನೊಬ್ಬ ಪಾಟೀಲರು. ಅವರದು ಬಾಕಿ ಇದ್ದದ್ದು 3,84,500. ಪಾಟೀಲ ಅನ್ನುವ ಹೆಸರು ನಮ್ಮ ಕಡೆ ಎಷ್ಟಿದೆಯೋ ಮಹಾರಾಷ್ಟ್ರದಲ್ಲೂ ಅಷ್ಟೇ ಇದೆ. ಮಾವನವರ ಇನಿಷಿಯಲ್ ನನ್ನ ಬುಕಿಂಗ್ ಜೊತೆ ಹೊಂದಲಿಲ್ಲ, ಆ ಪಾಟೀಲರ ಹೆಸರು ಹತ್ತಿರ ಅನ್ನಿಸಿತು, ಮೊತ್ತವೂ ಹೆಚ್ಚುಕಡಿಮೆ ಅಷ್ಟೇ. 500 ರೂಪಾಯಿ ಜಾಸ್ತಿ ಬಂದಿದೆ ಎಂದು ಬರೆದು ಮುಗಿಸಿದ್ದರು. ಯುಟಿಆರ್ ಯಾರೂ ನೋಡಿಯೇ ಇರಲಿಲ್ಲ. ನಾನು ಮಂಗಳವಾರವೇ ಕಳಿಸಿದ ಫೋಟೋ ಸೇಲ್ಸ್ ಹುಡುಗನ ಮೊಬೈಲ್ ಬಿಟ್ಟು ಮುಂದೆ ಹೋಗಿರಲಿಲ್ಲ.

ಆಮೇಲೆ ಕೆಲಸ ಬೇಗ ಆಯಿತು. ಬುಕ್ ಮಾಡಿದವರು ಬೇರೆ, ದುಡ್ಡು ಕಳಿಸಿದವರು ಬೇರೆ ಆದಾಗ ಒಂದು ಡಿಕ್ಲರೇಶನ್ ಬೇಕಂತೆ. ಮಾವನವರು ಅಲ್ಲೇ ಸಹಿ ಮಾಡಿ ಪ್ಯಾನ್ ಕಾರ್ಡಿನ ಜೆರಾಕ್ಸ್ ಕೊಟ್ಟರು. ಇದನ್ನು ಬುಕಿಂಗ್ ದಿನವೇ ಹೇಳಿದ್ದರೆ ಇಷ್ಟೆಲ್ಲಾ ಆಗುತ್ತಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಂಟ್ರಿ ಬದಲಾಯಿತು. ಸೀಲ್ ಹೊಡೆದ ರಶೀದಿಯ ಜೊತೆಗೆ ನನ್ನ ಹೆಸರಿನ ಲೆಡ್ಜರ್ ಪ್ರಿಂಟ್ ಕೂಡ ಕೇಳಿ ಪಡೆದೆ. ಬುಕಿಂಗ್, ಸಾಲ, ಮಾವನವರ ಹಣ, ಮೂರೂ ಒಂದೇ ಹಾಳೆಯಲ್ಲಿ. ಕೊನೆಯ ಸಾಲಿನಲ್ಲಿ ಬಾಕಿ 0.00. 'ನಮ್ಮಿಂದ ತಪ್ಪಾಯಿತು ಕಾಕಾ' ಎಂದು ಆ ಹೆಂಗಸು ಎದ್ದು ನಿಂತು ಹೇಳಿದರು. ತಪ್ಪು ಅವರದಾಗಿರಲಿಲ್ಲ, ಆದರೂ ಹೇಳಿದರು.

ಅಷ್ಟರಲ್ಲಿ ಪಾಡ್ವಾದ ಡೆಲಿವರಿ ಪಟ್ಟಿಯಿಂದ ನಮ್ಮ ಹೆಸರು ತೆಗೆದಿದ್ದರು. ಪೂರ್ತಿ ದುಡ್ಡು ಕಾಣದೆ ರಸ್ತೆ ತೆರಿಗೆ ಕಟ್ಟಿರಲಿಲ್ಲ, ನಂಬರೂ ಬಂದಿರಲಿಲ್ಲ. ಭಾನುವಾರ ಬೇವು ಬೆಲ್ಲ ತಿಂದು ಮನೆಯಲ್ಲೇ ಕೂತೆವು. ಅತ್ತೆಯವರು ಕಾರಿಗೆಂದು ಹಿಂದಿನ ರಾತ್ರಿ ಕಟ್ಟಿಟ್ಟಿದ್ದ ಚೆಂಡುಹೂವಿನ ಮಾಲೆಯನ್ನು ಬಾಗಿಲಿಗೆ ಹಾಕಿದರು. ಅದನ್ನು ನೋಡಿ ನನಗೆ ನಿಜವಾಗಲೂ ಅಳು ಬಂತು. ಇಬ್ಬರೂ ತಿರುಗಿ ಹೋಗುವ ಟಿಕೆಟ್ ಮುಂದಕ್ಕೆ ಹಾಕಿಸಿಕೊಂಡು, ಬುಧವಾರ ಕಾರಿನ ಪೂಜೆ ಮುಗಿಸಿಯೇ ಹೊರಟರು.

ಡೆಲಿವರಿ ದಿನ ಮ್ಯಾನೇಜರ್ ಫ್ಲೋರ್ ಮ್ಯಾಟ್ ಫ್ರೀ ಕೊಡುತ್ತೇವೆ ಅಂದರು. ಬೇಡ ಅಂದೆ. ಆದದ್ದನ್ನು ಒಪ್ಪಿಕೊಂಡು ಒಂದು ಮೇಲ್ ಬರೆಯಿರಿ, ಇನ್ನು ಮುಂದೆ ಯಾರಿಗೂ ಎರಡನೇ ಸಲ ಕಟ್ಟಿ ಅಂತ ಹೇಳಬೇಡಿ ಎಂದೆ. ಮೇಲ್ ಮಾರನೇ ದಿನ ಬಂತು.

ಅಕೌಂಟ್ಸ್‌ಗೆ ಐದಕ್ಕೆ ಐದು, ಸೇಲ್ಸ್‌ಗೆ ಎರಡು. ಕಾರಿನ ಬಗ್ಗೆ ಯಾವ ದೂರೂ ಇಲ್ಲ. ನೀವು ಎಲ್ಲೇ ಕಾರು ಕೊಂಡರೂ ಆರ್‌ಟಿಜಿಎಸ್ ಫಾರ್ಮಿನಲ್ಲಿ ಷರಾ ಬರೆಯುವ ಜಾಗದಲ್ಲಿ ಬುಕಿಂಗ್ ನಂಬರ್ ಬರೆಸಿ. ಯುಟಿಆರ್ ಅನ್ನು ಸೇಲ್ಸ್‌ನವರಿಗೆ ಮಾತ್ರ ಅಲ್ಲ, ಅಕೌಂಟ್ಸ್‌ಗೂ ಮೇಲ್ ಮಾಡಿ, ರಶೀದಿ ಅದೇ ದಿನ ಕೇಳಿ. ಮೊದಲ ಸರ್ವಿಸ್‌ಗೆ ನಾನು ಅದೇ ಶೋರೂಮಿಗೆ ಹೋಗುತ್ತೇನೆ. ಹೋದಾಗ ಆ ಗಾಜಿನ ಕಿಟಕಿಯ ಹೆಂಗಸಿಗೆ ಕೊಡಲು ಅತ್ತೆಯವರು ಧಾರವಾಡ ಪೇಡೆಯ ಒಂದು ಡಬ್ಬಿ ಕಳಿಸಿದ್ದಾರೆ.