ಪರಿಮಳದ ಮೂರು ನಸುಗೆಂಪು ಗುಲಾಬಿಗಳು: ಕಾಟೇಜ್ ತೋಟಕ್ಕೆ ಯಾವುದು ಹೊಂದುತ್ತದೆ?

ಹೂಗಿಡ, ಬಳ್ಳಿ, ಮೂಲಿಕೆಗಳೆಲ್ಲ ಒಂದರ ಮಗ್ಗುಲಿಗೆ ಒಂದು ಒತ್ತಾಗಿ ಬೆಳೆಯುವ ಕಾಟೇಜ್ ಮಾದರಿಯ ತೋಟದಲ್ಲಿ ಗುಲಾಬಿಗೆಂದೇ ಬೇರೆ ಪಾತಿ ಇರುವುದಿಲ್ಲ. ಲ್ಯಾವೆಂಡರ್, ಕ್ಯಾಟ್‌ಮಿಂಟ್, ಫಾಕ್ಸ್‌ಗ್ಲವ್‌ಗಳ ನಡುವೆ ನಿಂತು, ಅವುಗಳಿಗೆ ಜಾಗ ಬಿಟ್ಟುಕೊಟ್ಟು, ತನ್ನ ಪಾಲಿನ ಬಿಸಿಲನ್ನೂ ಗಾಳಿಯನ್ನೂ ಪಡೆದುಕೊಳ್ಳಬೇಕಾದ ಗಿಡ ಅದು. ಆದ್ದರಿಂದ ಇಂಥ ತೋಟಕ್ಕೆ ಗುಲಾಬಿಯನ್ನು ಆರಿಸುವಾಗ ಮೊದಲು ಪೊದೆಯ ನಿಲುವನ್ನೂ ಆಮೇಲೆ ಹೂವನ್ನೂ ನೋಡಬೇಕು ಎಂಬುದು, ಪರಿಮಳಕ್ಕೆ ಹೆಸರಾದ ಮೂರು ನಸುಗೆಂಪು ಗುಲಾಬಿಗಳನ್ನು ಒಂದೇ ತೋಟದಲ್ಲಿ ವರ್ಷಗಟ್ಟಲೆ ಬೆಳೆಸಿದ ಮೇಲೆ ನಾನು ತಲುಪಿರುವ ನಿಲುವು. ಆ ಮೂರು ತಳಿಗಳು ‘ಗರ್ಟ್ರೂಡ್ ಜೀಕಿಲ್’, ‘ಮೇರಿ ರೋಸ್’ ಮತ್ತು ‘ಕಾಂತ್ ದ ಶಾಂಬೋರ್’.

ಈ ಮೂರನ್ನೇ ಹೋಲಿಸಲು ಕಾರಣವಿದೆ; ಇವು ಒಂದೇ ಕುಟುಂಬದವು. ಕಾಂತ್ ದ ಶಾಂಬೋರ್ 1860ರ ದಶಕದಲ್ಲಿ ಫ್ರಾನ್ಸಿನಿಂದ ಬಂದ, ಪೋರ್ಟ್‌ಲ್ಯಾಂಡ್ ಗುಂಪಿಗೆ ಸೇರಿದ ಹಳೆಯ ಗುಲಾಬಿ. ಇಂಗ್ಲೆಂಡಿನ ತಳಿಗಾರ ಡೇವಿಡ್ ಆಸ್ಟಿನ್ ತಮ್ಮದೇ ಆದ ‘ವೈಫ್ ಆಫ್ ಬಾತ್’ ತಳಿಯೊಡನೆ ಅದನ್ನು ಸಂಕರಗೊಳಿಸಿ 1986ರಲ್ಲಿ ಹೊರತಂದದ್ದು ಗರ್ಟ್ರೂಡ್ ಜೀಕಿಲ್. ಅದಕ್ಕೂ ಮುಂಚೆ, 1983ರಲ್ಲಿ ಅವರು ಹೊರತಂದ ಮೇರಿ ರೋಸ್‌ಗೂ ವೈಫ್ ಆಫ್ ಬಾತ್ ತಾಯಿಯೇ. ಹೀಗಾಗಿ ಒಂದು ಗಿಡ ತಂದೆ, ಇನ್ನೊಂದು ಮಗಳು, ಮತ್ತೊಂದು ಆ ಮಗಳ ಮಲಅಕ್ಕ. ಯಾವ ಗುಣ ಯಾರಿಂದ ಬಂತು ಎಂಬುದನ್ನು ಪಾತಿಯಲ್ಲೇ ಗುರುತಿಸಬಹುದು. ನರ್ಸರಿಗಳಲ್ಲಿ ಕಾಂತ್ ದ ಶಾಂಬೋರ್ ಎಂಬ ಹೆಸರಿನಲ್ಲಿ ಸಿಗುವ ಗಿಡ ವಾಸ್ತವದಲ್ಲಿ ‘ಮದಾಂ ಬೋಲ್’ ಎಂಬ ಇನ್ನೊಂದು ಪೋರ್ಟ್‌ಲ್ಯಾಂಡ್ ಗುಲಾಬಿ ಇರಬಹುದೆಂದು ಹಳೆಯ ಗುಲಾಬಿಗಳನ್ನು ಬಲ್ಲ ಹಲವರು ವಾದಿಸುತ್ತಾರೆ. ನಾನು ಹೇಳುತ್ತಿರುವುದು ಆ ಹೆಸರಿನಲ್ಲಿ ಮಾರಾಟವಾಗುವ ಗಿಡದ ವಿಚಾರ.

ಪರಿಮಳದಲ್ಲಿ ಗರ್ಟ್ರೂಡ್ ಜೀಕಿಲ್‌ಗೆ ಸಾಟಿಯಿಲ್ಲ. ಗುಲಾಬಿಯ ಅತ್ತರು ಎಂದೊಡನೆ ನೆನಪಾಗುವ ಆ ಗಾಢವಾದ, ಸಿಹಿಯಾದ ಡಮಾಸ್ಕ್ ಪರಿಮಳ ಇದರಲ್ಲಿ ತುಂಬಿಕೊಂಡಿದೆ. ಜಿರೇನಿಯಾಲ್, ಸಿಟ್ರೊನೆಲ್ಲಾಲ್, ಫೀನೈಲ್ ಎಥನಾಲ್ ಮುಂತಾದ ಆವಿಯಾಗುವ ಸಂಯುಕ್ತಗಳು ಸೇರಿ ಆಗುವ ಪರಿಮಳವದು. ಇಬ್ಬನಿ ಆರಿ ಎಸಳು ಬೆಚ್ಚಗಾಗತೊಡಗಿದ, ಗಾಳಿ ಇನ್ನೂ ಏಳದ ಬೆಳಗಿನ ಹೊತ್ತಿನಲ್ಲಿ, ಅರೆಬಿರಿದ ಹೂವಿನಲ್ಲಿ ಅದು ಅತ್ಯಂತ ತೀವ್ರವಾಗಿರುತ್ತದೆ. ಪೂರ್ತಿ ಅರಳಿ ಬಿಸಿಲಿನಲ್ಲಿ ಬಾಡಿದ ಹೂವನ್ನು ಮೂಸಿ ಯಾವ ತಳಿಯ ಬಗ್ಗೆಯೂ ತೀರ್ಪು ಕೊಡಬಾರದು. ತಂದೆಯಾದ ಕಾಂತ್ ದ ಶಾಂಬೋರ್‌ನದೂ ಇದೇ ಜಾತಿಯ ಪರಿಮಳ. ಹೂವನ್ನು ಕೈಯಲ್ಲಿ ಹಿಡಿದು ಮೂಸಿದರೆ ಎರಡರ ನಡುವೆ ಹೆಚ್ಚಿನ ವ್ಯತ್ಯಾಸ ನನಗೆ ಕಾಣುವುದಿಲ್ಲ, ಆದರೆ ಮಗಳ ಪರಿಮಳ ಗಿಡದಿಂದ ಒಂದೆರಡು ಹೆಜ್ಜೆ ದೂರದವರೆಗೂ ಹರಡುತ್ತದೆ, ತಂದೆಯದು ಹೂವಿನ ಆಸುಪಾಸಿನಲ್ಲೇ ಉಳಿಯುತ್ತದೆ. ಮೇರಿ ರೋಸ್‌ನ ಪರಿಮಳ ಬೇರೆಯೇ ಬಗೆಯದು; ಜೇನು ಮತ್ತು ಬಾದಾಮಿಯ ಛಾಯೆಯುಳ್ಳ, ಹಗುರವಾದ, ಹತ್ತಿರ ಬಾಗಿದವರಿಗೆ ಮಾತ್ರ ಸಿಗುವ ಪರಿಮಳ. ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲವಾದರೂ, ಪರಿಮಳವೊಂದಕ್ಕಾಗಿಯೇ ಗಿಡ ಹುಡುಕುವವರಿಗೆ ಅದು ಸಾಲದು.

ಪರಿಮಳ ಮಾತ್ರ ಲೆಕ್ಕಕ್ಕೆ ಬರುವುದಾದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗರ್ಟ್ರೂಡ್ ಜೀಕಿಲ್ ಸಾಮಾನ್ಯ ಪೊದೆಯಂತೆ ಬೆಳೆಯುವ ಗಿಡವಲ್ಲ. ಅದರ ರೆಂಬೆಗಳು ದಪ್ಪಗೆ, ಬಿರುಸಾಗಿ, ಮೈತುಂಬ ಮುಳ್ಳು ಹೊತ್ತು ನೆಟ್ಟಗೆ ಮೇಲೇರುತ್ತವೆ, 1.5 ಮೀಟರ್ ಎತ್ತರಕ್ಕೆ ಸಲೀಸಾಗಿ ಹೋಗಿ ತುದಿಯಲ್ಲಷ್ಟೇ ಹೂಬಿಡುತ್ತವೆ, ಬುಡ ಬರಿದಾಗಿಯೇ ಉಳಿಯುತ್ತದೆ. ಪಾತಿಯ ನಡುವೆ ನೆಟ್ಟರೆ ಹೂಗಳೆಲ್ಲ ತಲೆಯ ಮಟ್ಟದಲ್ಲಿ ಗುಂಪುಗೂಡಿ, ಕೆಳಗಿನ ಗಿಡಗಳಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ. ಇದಕ್ಕೆ ಪರಿಹಾರವಿದೆ. ರೆಂಬೆಯ ತುದಿಯ ಚಿಗುರಿನಲ್ಲಿ ಉತ್ಪತ್ತಿಯಾಗಿ ಕೆಳಕ್ಕೆ ಹರಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಗೆಣ್ಣುಗಳಲ್ಲಿನ ಮೊಗ್ಗುಗಳು ಚಿಗುರದಂತೆ ತಡೆಹಿಡಿಯುತ್ತದೆ. ಎಳೆಯ ರೆಂಬೆಯನ್ನು ಮೆಲ್ಲಗೆ ಬಗ್ಗಿಸಿ ಅಡ್ಡಲಾಗಿ ಕಟ್ಟಿದರೆ ಆ ಹಿಡಿತ ಸಡಿಲಗೊಂಡು, ರೆಂಬೆಯ ಉದ್ದಕ್ಕೂ ಕುಡಿಗಳು ಒಡೆದು ಹೂಬಿಡುತ್ತವೆ. ಗೋಡೆ, ಬೇಲಿ ಅಥವಾ ಕಂಬದ ಆಸರೆಯಿರುವಲ್ಲಿ ಈ ಗುಲಾಬಿಯನ್ನು 2.5 ಮೀಟರ್‌ವರೆಗಿನ ಹಬ್ಬು ಗಿಡವನ್ನಾಗಿಯೂ ಬೆಳೆಸಬಹುದು, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಅದರ ನಿಜವಾದ ಸ್ಥಾನ.

ಮೇರಿ ರೋಸ್ ಇದಕ್ಕೆ ತದ್ವಿರುದ್ಧ. ಅದು ಬುಡದಿಂದಲೇ ಸಣ್ಣ ಸಣ್ಣ ಕವಲುಗಳಾಗಿ ಒಡೆದು, ಎತ್ತರದಷ್ಟೇ ಅಗಲವಾಗಿ, ಆಸರೆಯ ಹಂಗಿಲ್ಲದೆ ದುಂಡನೆಯ ಪೊದೆಯಾಗುತ್ತದೆ. ಎತ್ತರ ಸುಮಾರು 1.2 ಮೀಟರ್. ಜಿರೇನಿಯಂ ಅದರೊಳಕ್ಕೆ ನುಗ್ಗಿದರೂ, ಡೆಲ್ಫಿನಿಯಂ ಅದರ ಮೇಲೆ ಒರಗಿದರೂ ಪೊದೆಯ ಆಕಾರ ಕೆಡುವುದಿಲ್ಲ. ಬಿಗಿಯಾಗಿ ಸವರಿದರೆ ಗಿಡ್ಡವಾಗಿಯೂ, ಹಗುರವಾಗಿ ಸವರಿದರೆ ಉದಾರವಾಗಿಯೂ ಬೆಳೆಯುತ್ತದೆ. ಕಾಂತ್ ದ ಶಾಂಬೋರ್ 1 ಮೀಟರಿನ ಆಸುಪಾಸಿನಲ್ಲಿ ನಿಲ್ಲುವ, ಅಡಕವಾದ ಗಿಡ. ಪೋರ್ಟ್‌ಲ್ಯಾಂಡ್ ಗುಲಾಬಿಗಳ ಗುರುತೇ ಹೂವಿನ ಗಿಡ್ಡ ತೊಟ್ಟು. ಎಲೆಗಳು ಹೂವಿನ ಕೊರಳಿಗೇ ತಾಗಿಕೊಂಡಿರುತ್ತವೆ. ಗಿಡದ ಮೇಲೆ ಇದು ಬಲು ಚೆಂದ, ಹೂದಾನಿಗೆ ಅಷ್ಟಾಗಿ ಒದಗುವುದಿಲ್ಲ.

ಹೂಬಿಡುವ ಕ್ರಮದಲ್ಲೂ ಮೇರಿ ರೋಸ್ ಮುಂದು. ಋತುವಿನ ಆರಂಭದಲ್ಲೇ ತೊಡಗಿ, ದೊಡ್ಡ ವಿರಾಮವಿಲ್ಲದೆ ಬಿಡುತ್ತಲೇ ಹೋಗುತ್ತದೆ. ಸಡಿಲವಾಗಿ ಹೆಣೆದ ಎಸಳುಗಳು ಮುಪ್ಪಾದಾಗ ತಾವಾಗಿಯೇ ಉದುರುವುದರಿಂದ ಗಿಡ ಸದಾ ಚೊಕ್ಕಟವಾಗಿರುತ್ತದೆ. ಗರ್ಟ್ರೂಡ್ ಜೀಕಿಲ್ ಅಲೆಅಲೆಯಾಗಿ ಬಿಡುವ ಗಿಡ. ಮೊದಲ ಅಲೆಯ ವೈಭವವನ್ನು ಉಳಿದೆರಡು ಗಿಡಗಳು ಮುಟ್ಟಲಾರವು, ಆದರೆ ಅದಾದ ಮೇಲೆ ವಾರಗಟ್ಟಲೆ ಕಾಯಬೇಕು, ಮತ್ತು ಬಾಡಿದ ಹೂಗಳನ್ನು ಕೂಡಲೇ ಕತ್ತರಿಸಿ ತೆಗೆಯದಿದ್ದರೆ ಆ ಕಾಯುವಿಕೆ ಇನ್ನೂ ದೀರ್ಘವಾಗುತ್ತದೆ. ಕಾಂತ್ ದ ಶಾಂಬೋರ್ ಮತ್ತೆ ಮತ್ತೆ ಬಿಡುವುದರಲ್ಲಿ ಉದಾರಿಯೇ. ಅದರ ಶತ್ರು ಮಳೆ. ಒತ್ತಾಗಿ ತುಂಬಿದ ಎಸಳುಗಳ ಮೊಗ್ಗು ನೆನೆದು ಆಮೇಲೆ ಬಿಸಿಲಿಗೆ ಒಣಗಿದಾಗ, ಹೊರಗಿನ ಎಸಳುಗಳು ಕಂದು ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡು, ಹೂವು ಅರಳದೆ ಉಂಡೆಯಾಗಿಯೇ ಕೊಳೆಯುತ್ತದೆ. ಹೂಬಿಡುವ ಕಾಲದಲ್ಲೇ ಮಳೆ ಹಿಡಿಯುವ ಹವೆಯಲ್ಲಿ ಇದನ್ನು ನಾನು ಶಿಫಾರಸು ಮಾಡಲಾರೆ.

ರೋಗದ ವಿಷಯದಲ್ಲಿ ಮೂರೂ ನಿರ್ದೋಷಿಗಳಲ್ಲ. ನನ್ನ ತೋಟದಲ್ಲಿ ಕಪ್ಪು ಚುಕ್ಕೆ ರೋಗ ಮೊದಲು ಹತ್ತಿದ್ದು ಕಾಂತ್ ದ ಶಾಂಬೋರ್‌ಗೆ, ಕೊನೆಗೆ ಹತ್ತಿದ್ದು ಮೇರಿ ರೋಸ್‌ಗೆ. ಆ ಶಿಲೀಂಧ್ರದ ಬೀಜಕಣಗಳು ಎಲೆಯೊಳಗೆ ಇಳಿಯಬೇಕಾದರೆ ಎಲೆ ಏಳೆಂಟು ಗಂಟೆ ಸತತವಾಗಿ ಒದ್ದೆಯಾಗಿರಬೇಕು. ಗಿಡಗಳು ಒತ್ತಾಗಿರುವ ಕಾಟೇಜ್ ತೋಟದಲ್ಲಿ ಎಲೆ ಬೇಗ ಒಣಗುವುದಿಲ್ಲವಾದ್ದರಿಂದ ಈ ರೋಗಕ್ಕೆ ಇಲ್ಲಿ ಅವಕಾಶ ಹೆಚ್ಚು. ನೀರನ್ನು ಬುಡಕ್ಕೆ ಮಾತ್ರ, ಅದೂ ಬೆಳಗಿನಲ್ಲಿ ಕೊಡುವುದು, ಉದುರಿದ ರೋಗದ ಎಲೆಗಳನ್ನು ಆರಿಸಿ ತೆಗೆಯುವುದು, ಸವರುವಾಗ ಪೊದೆಯ ನಡುವನ್ನು ತೆರವಾಗಿಡುವುದು, ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ ಜಾಗ ಕೊಡುವುದು ಇವು ಮೂರಕ್ಕೂ ಸಮಾನವಾಗಿ ಅನ್ವಯಿಸುವ ಮಾತುಗಳು.

ಇದೆಲ್ಲವನ್ನೂ ತೂಗಿ ನೋಡಿದಾಗ, ಒಂದೇ ಗಿಡಕ್ಕೆ ಜಾಗವಿರುವ ಮಿಶ್ರ ಪಾತಿಗೆ ನಾನು ಮೇರಿ ರೋಸ್ ಅನ್ನೇ ಆರಿಸುತ್ತೇನೆ. ಪರಿಮಳ ತುಸು ಕಡಿಮೆಯಾದರೂ ಋತುವಿಡೀ ತೋಟವನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿದೆ. ಜನ ಓಡಾಡುವ ಬಾಗಿಲು, ಕಿಟಕಿ ಅಥವಾ ಕುಳಿತುಕೊಳ್ಳುವ ಜಾಗದ ಪಕ್ಕದಲ್ಲಿ ಗೋಡೆಯ ಆಸರೆಯಿದ್ದರೆ ಗರ್ಟ್ರೂಡ್ ಜೀಕಿಲ್‌ಗೆ ಬದಲಿ ಇಲ್ಲ, ಆದರೆ ಮುಳ್ಳು ಮೈಗೆ ತಾಗದಷ್ಟು ಅಂತರವನ್ನು ದಾರಿಯಿಂದ ಬಿಡಬೇಕು. ಕಾಂತ್ ದ ಶಾಂಬೋರ್ ಅನ್ನು ಒಣಹವೆಯ ತೋಟದ ಮುಂಚೂಣಿಗೆ ಅಥವಾ ಸೂರಿನ ಅಂಚಿನಲ್ಲಿಟ್ಟ ದೊಡ್ಡ ಕುಂಡಕ್ಕೆ ಕಾಯ್ದಿರಿಸಬಹುದು. ಯಾವುದನ್ನು ನೆಟ್ಟರೂ ಮೊದಲ ಎರಡು ವರ್ಷ ಬುಡದ ಸುತ್ತ ಸುಮಾರು 40 ಸೆಂಟಿಮೀಟರ್ ಜಾಗದಲ್ಲಿ ಬೇರೆ ಗಿಡ ನೆಡದೆ, ಅಲ್ಲಿ ಕಳಿತ ಗೊಬ್ಬರದ ಹೊದಿಕೆಯನ್ನಷ್ಟೇ ಹಾಕಿ. ಗುಲಾಬಿಯ ಬೇರು ಆಳಕ್ಕಿಳಿದ ನಂತರ ಕ್ಯಾಟ್‌ಮಿಂಟ್, ಜಿರೇನಿಯಂಗಳು ಹತ್ತಿರ ಸರಿದು ಬಂದರೆ ತೊಂದರೆಯಿಲ್ಲ.