10% ಕಮ್ಮಿಗೆ ಫೀಸ್ ಕಟ್ಟಿಸಿಕೊಡ್ತೀವಿ ಅಂದರೆ ಅಲ್ಲಿಗೇ ಬಿಡಿ

ಓದಲು ಇಂಗ್ಲೆಂಡಿಗೆ ಬಂದವರ ವಾಟ್ಸಾಪ್ ಗ್ರೂಪುಗಳಲ್ಲಿ ಇಂಥದೊಂದು ಮೆಸೇಜು ಓಡಾಡುತ್ತಿರುತ್ತದೆ: "ಫೀಸ್ ಕಂತು ಬಾಕಿ ಇದೆಯಾ? 10% ಕಮ್ಮಿಗೆ ಕಟ್ಟಿಸಿಕೊಡ್ತೀವಿ. ಮೊದಲು ರಸೀದಿ ನೋಡಿ, ಆಮೇಲೆ ದುಡ್ಡು ಕೊಡಿ."

ಆ ಕೊನೆಯ ಮಾತೇ ಗಾಳ. ಮುಂಗಡ ಕೇಳುವವನ ಮೇಲೆ ಯಾರಿಗಾದರೂ ಅನುಮಾನ ಬರುತ್ತದೆ. ರಸೀದಿ ಮೊದಲು ಕೊಡುವವನ ಮೇಲೆ ಬರುವುದಿಲ್ಲ.

ನಡೆಯುವುದು ಹೀಗೆ. ಕಂತು 6,000 ಪೌಂಡ್ ಅಂತಿಟ್ಟುಕೊಳ್ಳಿ. ಆಸಾಮಿ ಕೇಳುವುದು ನಿಮ್ಮ ಸ್ಟೂಡೆಂಟ್ ಐಡಿ, ಹುಟ್ಟಿದ ತಾರೀಖು, ಅಷ್ಟೇ. ಅನೇಕ ವಿಶ್ವವಿದ್ಯಾಲಯಗಳ ಪೇಮೆಂಟ್ ಪೇಜಿನಲ್ಲಿ ಇಷ್ಟಿದ್ದರೆ ಯಾರು ಬೇಕಾದರೂ ಫೀಸ್ ಕಟ್ಟಬಹುದು. ಅರ್ಧ ಗಂಟೆಯಲ್ಲಿ ವಿಶ್ವವಿದ್ಯಾಲಯದಿಂದಲೇ ಇಮೇಲ್ ಬರುತ್ತದೆ. ಪೋರ್ಟಲ್‌ನಲ್ಲಿ ಬಾಕಿ ಸೊನ್ನೆ. ಇತ್ತ ಊರಲ್ಲಿ ಅಪ್ಪ, ಅವನು ಹೇಳಿದ ಖಾತೆಗೆ 5,400 ಪೌಂಡಿನ ಲೆಕ್ಕದ ರೂಪಾಯಿ ಹಾಕುತ್ತಾರೆ. ಪೌಂಡಿಗೆ 116 ಹಿಡಿದರೆ 6,26,400. ಉಳಿದದ್ದು 69,600 ರೂಪಾಯಿ ಅಂತ ಮನೆಯಲ್ಲಿ ಖುಷಿ.

ಆ ರಸೀದಿ ನಕಲಿಯಲ್ಲ, ಅಸಲಿಯೇ. ಆದರೆ ಅದನ್ನು ಪೂರ್ತಿ ಓದಿ. ಅನೇಕ ವೇಳೆ ಒಂದೇ ಬಾರಿಗೆ 6,000 ಇರುವುದಿಲ್ಲ. 2,000ದ ಮೂರು ಸಾಲು, ಮೂರಕ್ಕೂ ಬೇರೆ ಬೇರೆ ಕಾರ್ಡಿನ ಕೊನೆಯ ನಾಲ್ಕು ಅಂಕಿ. ಕದ್ದ ಕಾರ್ಡುಗಳು ಅವು. ಕಾರ್ಡಿನ ನಿಜವಾದ ಒಡೆಯ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕಿಗೆ ದೂರು ಕೊಟ್ಟಾಗ, ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಮೇಲೆ, ಚಾರ್ಜ್‌ಬ್ಯಾಕ್ ಆಗುತ್ತದೆ. ವಿಶ್ವವಿದ್ಯಾಲಯದ ಖಾತೆಯಿಂದ ದುಡ್ಡು ವಾಪಸ್, ನಿಮ್ಮ ಹೆಸರಿಗೆ ಮತ್ತೆ 6,000 ಬಾಕಿ. ಅಷ್ಟರಲ್ಲಿ ಆಸಾಮಿಯ ನಂಬರು ಸ್ವಿಚ್ ಆಫ್.

ದುಡ್ಡು ಹೋದದ್ದು ಅರ್ಧ ಕಥೆ. ಬಾಕಿ ತೀರಿಸದಿದ್ದರೆ ವಿಶ್ವವಿದ್ಯಾಲಯ ನೋಂದಣಿ ರದ್ದು ಮಾಡಿ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ (ಬ್ರಿಟನ್ನಿನ ಗೃಹ ಇಲಾಖೆ) ವರದಿ ಮಾಡಬೇಕಾಗುತ್ತದೆ. ಆಮೇಲೆ ವೀಸಾ ಸಾಮಾನ್ಯವಾಗಿ 60 ದಿನಕ್ಕೆ ಮೊಟಕಾಗುತ್ತದೆ. ಕದ್ದ ಕಾರ್ಡಿನಿಂದ ಲಾಭ ಪಡೆದವರು ನೀವೇ ಆದ್ದರಿಂದ, ಗೊತ್ತಿರಲಿಲ್ಲ ಅಂತ ವಿವರಿಸಬೇಕಾದ ಪರಿಸ್ಥಿತಿಯೂ ನಿಮಗೇ ಬರಬಹುದು. 2024ರ ಅಕ್ಟೋಬರ್ 7ರಿಂದ ಬ್ರಿಟನ್ನಿನ ಬ್ಯಾಂಕುಗಳು ವಂಚಕನಿಗೆ ಟ್ರಾನ್ಸ್‌ಫರ್ ಮಾಡಿದ ಹಣವನ್ನು 85,000 ಪೌಂಡಿನವರೆಗೆ ಭರಿಸಿಕೊಡಬೇಕು ಎಂಬ ನಿಯಮವಿದೆ. ಅದು ಬ್ರಿಟನ್ನಿನೊಳಗಿನ ಪೌಂಡ್ ಟ್ರಾನ್ಸ್‌ಫರಿಗೆ ಮಾತ್ರ. ದಾವಣಗೆರೆಯಿಂದ ಹೋದ ರೂಪಾಯಿಗೂ ಕೈಯಲ್ಲಿ ಕೊಟ್ಟ ನಗದಿಗೂ ಅನ್ವಯಿಸುವುದಿಲ್ಲ. ರೂಪಾಯಿಯಲ್ಲಿ ಕೊಡಿ ಅಂತ ಅವನು ಒತ್ತಾಯ ಮಾಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇದರದೇ ಉಲ್ಟಾ ಇನ್ನೊಂದಿದೆ. ಪಾರ್ಟ್ ಟೈಮ್ ದುಡಿದ ಪೌಂಡನ್ನು ಊರಿಗೆ ಕಳಿಸಬೇಕು. "ನನ್ನ ಯುಕೆ ಖಾತೆಗೆ ಹಾಕು, ನಿಮ್ಮಪ್ಪನ ಖಾತೆಗೆ ಒಳ್ಳೇ ರೇಟಲ್ಲಿ ರೂಪಾಯಿ ಬರುತ್ತೆ" ಅನ್ನುತ್ತಾನೆ ಒಬ್ಬ. ರೂಪಾಯಿ ಬಂದೂ ಬರುತ್ತದೆ. ಬಂದದ್ದು ಎಲ್ಲೋ ಬೇರೆ ರಾಜ್ಯದಲ್ಲಿ ಸೈಬರ್ ವಂಚನೆಗೆ ಸಿಕ್ಕವರ ದುಡ್ಡಾಗಿದ್ದರೆ, ಅಲ್ಲಿನ ಪೊಲೀಸರ ಸೂಚನೆಯಂತೆ ಅಪ್ಪನ ಪಿಂಚಣಿ ಬರುವ ಖಾತೆಯೇ ಫ್ರೀಜ್. ಬ್ಯಾಂಕಿನವರನ್ನು ಕೇಳಿದರೆ ಆ ಠಾಣೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತನ್ನಿ ಅನ್ನುತ್ತಾರೆ. ಇದು ಹವಾಲಾ, ಬೇರೆ ಹೆಸರಿಲ್ಲ. 1999ರ ವಿದೇಶಿ ವಿನಿಮಯ ಕಾಯ್ದೆಯಡಿ (ಫೆಮಾ) ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು.

"ಖಾತೆಯನ್ನ ಎರಡು ದಿನ ಬಳಸಿಕೊಳ್ತೀವಿ, 200 ಪೌಂಡ್ ಕೊಡ್ತೀವಿ" ಅನ್ನುವುದಕ್ಕಂತೂ ಉತ್ತರವನ್ನೂ ಕೊಡಬೇಡಿ. ವಂಚನೆಗೆ ಸಂಬಂಧಿಸಿದವರ ಹೆಸರನ್ನು ಬ್ರಿಟನ್ನಿನ ಬ್ಯಾಂಕುಗಳು ಹಂಚಿಕೊಳ್ಳುವ ಸಿಫಾಸ್ ದಾಖಲೆಯಲ್ಲಿ ಒಮ್ಮೆ ಹೆಸರು ಸೇರಿದರೆ ಆರು ವರ್ಷ ಉಳಿಯುತ್ತದೆ. ಬ್ಯಾಂಕ್ ಖಾತೆಗೂ ಫೋನ್ ಕಾಂಟ್ರ್ಯಾಕ್ಟಿಗೂ ಪರದಾಡಬೇಕು.

ಫೀಸ್ ಕಳಿಸುವುದರಲ್ಲಿ ಉಳಿತಾಯ ಇಲ್ಲವೇ ಅಂದರೆ, ಇದೆ. 69,600 ಅಲ್ಲ, ಆದರೆ ಉಳಿದದ್ದು ನಿಮ್ಮ ಹತ್ತಿರವೇ ಇರುತ್ತದೆ. ಬ್ಯಾಂಕ್ ಶಾಖೆಯಲ್ಲಿ ಮೊದಲು ಹೇಳುವುದು ಕಾರ್ಡ್ ರೇಟು, ಅಂದರೆ ಆ ದಿನದ ಪಟ್ಟಿಯಲ್ಲಿರುವ ದರ; ಅದಕ್ಕೇ ತಲೆಯಾಡಿಸಬೇಡಿ. ಮೊತ್ತ ಹೇಳಿ, ಫಾರೆಕ್ಸ್ ವಿಭಾಗದಿಂದ ಸ್ಪೆಷಲ್ ರೇಟ್ ಕೇಳಿಸಿ, ಇನ್ನೊಂದೆರಡು ಕಡೆ ವಿಚಾರಿಸಿ. ಪೌಂಡಿಗೆ 2 ರೂಪಾಯಿ ಇಳಿದರೂ 6,000 ಪೌಂಡಿಗೆ 12,000 ಆಯಿತು. ಒಂದೊಂದೇ ಲಕ್ಷ ಕಳಿಸಬೇಡಿ: 6 ಲಕ್ಷ ಒಟ್ಟಿಗೆ ಬದಲಿಸಿದರೆ ಜಿಎಸ್‌ಟಿ 630 ರೂಪಾಯಿ, ಆರು ಸಲ ಮಾಡಿದರೆ 1,080, ಜೊತೆಗೆ ವಿದೇಶಕ್ಕೆ ಕಳಿಸುವುದಕ್ಕೆ ಪ್ರತಿ ಸಲದ ಸ್ವಿಫ್ಟ್ ಶುಲ್ಕ ಬೇರೆ.

ಟಿಸಿಎಸ್, ಅಂದರೆ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಮುಂಚಿತವಾಗಿ ಹಿಡಿಯುವ ತೆರಿಗೆ, ಇದರ ವಿಷಯದಲ್ಲಿ ಎಡವುವವರು ಬಹಳ. 2025ರ ಏಪ್ರಿಲ್ 1ರಿಂದ ಹಣಕಾಸು ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇಲ್ಲ. ಮಿತಿ ಒಬ್ಬೊಬ್ಬರ ಪ್ಯಾನ್‌ಗೆ ಬೇರೆ ಬೇರೆ. ಜನವರಿ ಕಂತು ಒಂದು ಹಣಕಾಸು ವರ್ಷಕ್ಕೆ, ಏಪ್ರಿಲ್ ಕಂತು ಮುಂದಿನದಕ್ಕೆ ಸೇರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಫೀಸಿಗೆ ಟಿಸಿಎಸ್ ಇಲ್ಲವೇ ಇಲ್ಲ. ಹಣ ಕಳಿಸಲು ಬ್ಯಾಂಕಿಗೆ ಕೊಡುವ ಅರ್ಜಿ ಫಾರ್ಮ್ ಎ2ನಲ್ಲಿ ಉದ್ದೇಶದ ಕೋಡ್ ಎಸ್0305, ಅಂದರೆ ಶಿಕ್ಷಣ, ಇದೆಯಾ ನೋಡಿ. ಕೌಂಟರಿನವರು ಕುಟುಂಬ ನಿರ್ವಹಣೆ ಅಂತ ಬರೆದುಬಿಟ್ಟರೆ ಮಿತಿ ಮೀರಿದ ಮೊತ್ತಕ್ಕೆ 20% ಹಿಡಿಯುತ್ತಾರೆ. ಹಿಡಿದ ಟಿಸಿಎಸ್ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣುತ್ತದೆ, ರಿಟರ್ನ್ಸ್ ಹಾಕಿದರೆ ಹೊಂದಾಣಿಕೆಯಾಗುತ್ತದೆ ಇಲ್ಲವೇ ವಾಪಸ್ ಬರುತ್ತದೆ. ಶುಲ್ಕದ ಕಾಲಂನಲ್ಲಿ "ಅವರ್" (OUR, ಎಲ್ಲ ಶುಲ್ಕ ಕಳಿಸುವವರದೇ) ಆಯ್ಕೆ ಮಾಡಿಸಿ. ಇಲ್ಲದಿದ್ದರೆ ಮಧ್ಯದ ಬ್ಯಾಂಕು ಕೆಲವು ಪೌಂಡ್ ಕತ್ತರಿಸಿಕೊಂಡು, ಅಷ್ಟು ಬಾಕಿ ನಿಮ್ಮ ಹೆಸರಲ್ಲಿ ಉಳಿಯುತ್ತದೆ.

ಈಗಾಗಲೇ ಯಾರಿಂದಲೋ ಫೀಸ್ ಕಟ್ಟಿಸಿಕೊಂಡಿದ್ದೀರಾ? ಪೋರ್ಟಲ್ ಸೊನ್ನೆ ತೋರಿಸುತ್ತಿದ್ದರೂ ಕಾಯಬೇಡಿ. ಚಾಟ್ ಅಳಿಸಬೇಡಿ, ಅವನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಚಾರ್ಜ್‌ಬ್ಯಾಕ್ ಬರುವ ಮುಂಚೆ ನೀವಾಗಿಯೇ ವಿಶ್ವವಿದ್ಯಾಲಯದ ಫೈನಾನ್ಸ್ ಆಫೀಸಿಗೆ ಇಮೇಲ್ ಬರೆದು, ಕಂತಿನ ಗಡುವು ವಿಸ್ತರಿಸಲು ಕೇಳಿ. ಸ್ಟೂಡೆಂಟ್ಸ್ ಯೂನಿಯನ್ನಿನ ಸಲಹಾ ವಿಭಾಗದಲ್ಲಿ ನೆರವು ಉಚಿತ. ಪೌಂಡಿನಲ್ಲಿ ಟ್ರಾನ್ಸ್‌ಫರ್ ಮಾಡಿದ್ದರೆ ಬ್ರಿಟನ್ನಿನಲ್ಲಿ 159ಕ್ಕೆ ಫೋನ್ ಮಾಡಿದರೆ ನಿಮ್ಮ ಬ್ಯಾಂಕಿನ ವಂಚನೆ ವಿಭಾಗ ಸಿಗುತ್ತದೆ. ರೂಪಾಯಿ ಹೋಗಿದ್ದರೆ ಅಪ್ಪ ಅವತ್ತೇ ಭಾರತದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಆ ದುಡ್ಡು ಮುಂದಿನ ಖಾತೆಗೆ ಹಾರುವುದಕ್ಕೆ ಗಂಟೆಗಳೂ ಬೇಕಿಲ್ಲ.